600 ಗಜದ ರೈಫಲ್ ಮ್ಯಾಚ್‌ಗೆ ಮೊದಲ ಸಲ ಹೋಗುವವರಿಗೆ: ಅಮೆರಿಕದ ಕ್ಲಬ್‌ನಲ್ಲಿ ಎಫ್-ಕ್ಲಾಸ್

ಅಮೆರಿಕದಲ್ಲಿರುವ ನಮ್ಮವರಲ್ಲಿ ಶೂಟಿಂಗ್ ರೇಂಜ್ ನೋಡಿಬಂದವರು ಬೇಕಾದಷ್ಟು ಜನ ಸಿಗುತ್ತಾರೆ. ಗೆಳೆಯರ ಜೊತೆ ಒಂದು ಶನಿವಾರ ಹೋಗಿ, ಬಾಡಿಗೆ ಪಿಸ್ತೂಲಿನಲ್ಲಿ ಒಂದು ಡಬ್ಬ ಗುಂಡು ಖಾಲಿ ಮಾಡಿ, ಫೋಟೊ ತೆಗೆಸಿಕೊಂಡು ಬಂದಿರುತ್ತಾರೆ. ಮ್ಯಾಚ್‌ಗೆ ಹೋದವರು ಮಾತ್ರ ಅಪರೂಪ. ಕೇಳಿದರೆ "ಅದಕ್ಕೆಲ್ಲ ಐದಾರು ಸಾವಿರ ಡಾಲರ್ ರೈಫಲ್ ಬೇಕು ಮಾರಾಯ್ರೆ" ಅನ್ನುತ್ತಾರೆ. ಬೇಡ. ಮೊದಲ ಸಲಕ್ಕೆ ಸ್ವಂತ ರೈಫಲ್ ಕೂಡ ಬೇಡ.

ಕೊಡಗಿನ ಕಡೆಯವರಾದರೆ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆದಿರಬಹುದು. ಅಲ್ಲಿ ಕಣ್ಣು, ಕೈ ನೆಟ್ಟಗಿದ್ದರೆ ಕಾಯಿ ಒಡೆಯುತ್ತದೆ. 600 ಗಜ ಅಂದರೆ ಸುಮಾರು 549 ಮೀಟರ್. ಅಷ್ಟು ದೂರಕ್ಕೆ ಎಲ್ಲ ಸರಿ ಮಾಡಿಯೂ ಗುಂಡು ಒಂದಡಿ ಆಚೆ ಬೀಳುತ್ತದೆ, ನಡುವೆ ಗಾಳಿ ಇರುತ್ತದಲ್ಲ! ಈ ಆಟದ ರುಚಿ ಇರುವುದೇ ಅಲ್ಲಿ.

ಇಲ್ಲಿ ಹೇಳುತ್ತಿರುವುದು ಎಫ್-ಕ್ಲಾಸ್ ಬಗ್ಗೆ. ನೆಲದ ಮೇಲೆ ಬೋರಲು ಮಲಗಿ, ಸ್ಕೋಪ್ (ಗುರಿ ನೋಡುವ ದುರ್ಬೀನು) ಇರುವ ರೈಫಲನ್ನು ಆಸರೆಯ ಮೇಲಿಟ್ಟು, ಒಂದೊಂದೇ ಗುಂಡು ತುಂಬಿ ಹೊಡೆಯುವ ಸ್ಪರ್ಧೆ. ಕೆನಡಾದ ಜಾರ್ಜ್ ಫಾರ್ಕ್ವಾರ್ಸನ್ ಅವರು ಇದನ್ನು ಶುರು ಮಾಡಿದರು, ಎಫ್ ಅಕ್ಷರ ಅವರ ಹೆಸರಿನದೇ. ವಯಸ್ಸಾಗಿ ಕಣ್ಣು ಮಂಜಾದವರು, ಬೆಲ್ಟ್ ಬಿಗಿದು ಕೈಯಲ್ಲೇ ರೈಫಲ್ ಹಿಡಿಯಲಾಗದವರು ಆಟ ಬಿಡಬಾರದು ಅನ್ನುವುದು ಉದ್ದೇಶವಾಗಿತ್ತು. ಈಗ ಎಲ್ಲ ವಯಸ್ಸಿನವರೂ ಆಡುತ್ತಾರೆ. 300, 500, 600 ಗಜವಾದರೆ ಮಿಡ್-ರೇಂಜ್. 800, 900, 1000 ಗಜವಾದರೆ ಲಾಂಗ್ ರೇಂಜ್. ಹೊಸಬರು 600ರಿಂದ ಶುರು ಮಾಡುವುದು ಒಳ್ಳೆಯದು.

ಮೊದಲು ವೀಸಾ ನೋಡಿಕೊಳ್ಳಿ

ಇದನ್ನು ಹಾರಿಸಿ ಮುಂದೆ ಓದಬೇಡಿ. ಎಚ್-1ಬಿ, ಎಲ್-1, ಎಫ್-1, ಎಚ್-4, ಇವೆಲ್ಲ ನಾನ್-ಇಮಿಗ್ರೆಂಟ್ ವೀಸಾಗಳು. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಇಂಥ ವೀಸಾ ಮೇಲೆ ಬಂದವರು ಬಂದೂಕು ಆಗಲಿ, ತೋಟಾ ಆಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಅದರಲ್ಲಿ ನಮ್ಮವರು ಜಾಸ್ತಿ ಬಳಸುವುದು ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್. ಬೇಟೆಗೆ ಹೋಗದಿದ್ದರೂ ಆ ಕಾಗದ ನಿಮ್ಮ ಜೇಬಿನಲ್ಲಿರಬೇಕು. "ಗೆಳೆಯನ ರೈಫಲ್, ನಾನು ಸುಮ್ನೆ ಎರಡು ಗುಂಡು ಹೊಡೆದೆ" ಅನ್ನುವುದು ರಕ್ಷಣೆ ಆಗುವುದಿಲ್ಲ. ಇಲ್ಲಿ ಎಡವಿದರೆ ಕ್ರಿಮಿನಲ್ ಕೇಸು, ಆಮೇಲೆ ವೀಸಾ ಕಥೆಯೂ ಮುಗಿದ ಹಾಗೆ. ಅನುಮಾನ ಇದ್ದರೆ ಇಮಿಗ್ರೇಷನ್ ವಕೀಲರನ್ನು ಕೇಳಿ. ರೇಂಜ್‌ನಲ್ಲಿ ಸಿಕ್ಕ ಅಣ್ಣಂದಿರ ಮಾತು ಇಲ್ಲಿ ಸಾಲದು.

ಗ್ರೀನ್ ಕಾರ್ಡ್ ಇದ್ದರೆ ಫೆಡರಲ್ ಕಾನೂನಿನ ಈ ತಡೆ ಇಲ್ಲ. ಆದರೆ ರಾಜ್ಯದ ಕಾನೂನು ಬೇರೆಯೇ ಇರುತ್ತದೆ. ಇಲಿನಾಯ್‌ನಲ್ಲಿ ಫಾಯಿಡ್ ಕಾರ್ಡ್, ಅಂದರೆ ಬಂದೂಕು ಇಟ್ಟುಕೊಳ್ಳುವವರ ಗುರುತಿನ ಚೀಟಿ ಬೇಕು. ನ್ಯೂಜೆರ್ಸಿಯಲ್ಲಿ ರೈಫಲ್ ಕೊಳ್ಳಲು ಪರ್ಚೇಸರ್ ಐಡಿ ಕಾರ್ಡ್ ಬೇಕು. ರಾಜ್ಯದ ಗಡಿ ದಾಟಿ ಮ್ಯಾಚ್‌ಗೆ ಹೋಗುವುದಾದರೆ ಆಚೆ ಕಡೆಯ ನಿಯಮವನ್ನೂ ಓದಿಕೊಳ್ಳಿ.

ಕ್ಲಬ್ ಹುಡುಕಿ, ಒಮ್ಮೆ ಬರಿಗೈಯಲ್ಲಿ ಹೋಗಿ

600 ಗಜದ ರೇಂಜ್ ಊರೊಳಗೆ ಇರುವುದಿಲ್ಲ. ಒಂದೆರಡು ಗಂಟೆ ಡ್ರೈವ್ ಮಾಡಬೇಕಾಗಬಹುದು. "ಮಿಡ್-ರೇಂಜ್ ಪ್ರೋನ್" ಅಥವಾ "ಎಫ್-ಕ್ಲಾಸ್" ಅಂತ ನಿಮ್ಮ ರಾಜ್ಯದ ಹೆಸರು ಸೇರಿಸಿ ಹುಡುಕಿ. ಬಹಳ ಕಡೆ ತಿಂಗಳಿಗೊಂದು ಮ್ಯಾಚ್ ಇರುತ್ತದೆ. ಅದನ್ನು ನಡೆಸುವವರು ಮ್ಯಾಚ್ ಡೈರೆಕ್ಟರ್. ಅವರಿಗೆ ಒಂದು ಚಿಕ್ಕ ಇಮೇಲ್ ಹಾಕಿ: ನಾನು ಹೊಸಬ, ಒಮ್ಮೆ ನೋಡಲು ಬರಬಹುದೇ? ಟಾರ್ಗೆಟ್ ಎಲೆಕ್ಟ್ರಾನಿಕ್ಕೋ, ಪಿಟ್ (ಕೆಳಗೆ ನಿಂತು ಟಾರ್ಗೆಟ್ ಎಳೆಯುವ ಕಾಲುವೆ) ಇದೆಯೋ? ಸದಸ್ಯರಲ್ಲದವರಿಗೆ ಶುಲ್ಕ ಎಷ್ಟು? ಹೊಸಬರಿಗೆ ಸೇಫ್ಟಿ ಕ್ಲಾಸ್ ಇದೆಯೇ?

ನೋಡಲು ಹೋದ ದಿನ ಕೈಕಟ್ಟಿ ನಿಲ್ಲಬೇಡಿ, ಪಿಟ್ ಕೆಲಸಕ್ಕೆ ಸೇರಿಕೊಳ್ಳಿ. ಟಾರ್ಗೆಟ್ ಎಳೆಯಲು ಇನ್ನೆರಡು ಕೈ ಸಿಕ್ಕರೆ ಬೇಡ ಅನ್ನುವ ಕ್ಲಬ್ ಇಲ್ಲ. ಸಂಜೆಯೊಳಗೆ ಯಾರಾದರೂ ಒಬ್ಬರು "ಮುಂದಿನ ತಿಂಗಳು ನನ್ನ ಹಳೇ ರೈಫಲ್ ತರುತ್ತೇನೆ, ಹೊಡೆದು ನೋಡು" ಅಂದೇ ಅನ್ನುತ್ತಾರೆ. ಈ ಆಟದವರ ಗುಣ ಹಾಗೆ. ಅರವತ್ತು ದಾಟಿದ ಅಜ್ಜಂದಿರೇ ಜಾಸ್ತಿ, ಹೇಳಿಕೊಡುವುದು ಅಂದರೆ ಅವರಿಗೆ ಪ್ರಾಣ.

ಸಾಮಾನು

ಎಫ್-ಕ್ಲಾಸ್‌ನಲ್ಲಿ ಎರಡು ಮುಖ್ಯ ವಿಭಾಗಗಳಿವೆ. ಎಫ್-ಟಿಆರ್‌ನಲ್ಲಿ ತೋಟಾ .308 ವಿಂಚೆಸ್ಟರ್ ಅಥವಾ .223 ರೆಮಿಂಗ್ಟನ್ ಮಾತ್ರ. ಮುಂದೆ ಬೈಪಾಡ್ (ಎರಡು ಕಾಲಿನ ಆಸರೆ), ಹಿಂದೆ ಮರಳಿನ ಚೀಲ. ಸ್ಕೋಪ್, ಬೈಪಾಡ್ ಎಲ್ಲ ಸೇರಿ ತೂಕ 8.25 ಕೆಜಿ ಮೀರಬಾರದು. ಎಫ್-ಓಪನ್‌ನಲ್ಲಿ 10 ಕೆಜಿವರೆಗೆ ಬಿಡುತ್ತಾರೆ, ನಿಯಮದ ಮಿತಿಯೊಳಗಿನ ಬೇರೆ ತೋಟಾಗಳೂ ಆಗುತ್ತವೆ, ಮುಂದೆ ರೆಸ್ಟ್ ಅನ್ನುವ ಭಾರದ ಆಸರೆ ಇಡಬಹುದು. ಈಗ ಎಲ್ಲರ ಮನೆಯಲ್ಲೂ ಇರುವ 6.5 ಕ್ರೀಡ್‌ಮೂರ್ ತೋಟಾದ ರೈಫಲ್ ತಂದರೆ, ಅದಕ್ಕೆ ಬೈಪಾಡ್ ಹಾಕಿದ್ದರೂ ನಿಯಮದ ಪ್ರಕಾರ ನೀವು ಎಫ್-ಓಪನ್. ಪೂರಾ ಪಳಗಿದವರ ಜೊತೆ ಸೆಣಸಬೇಕು. ಸೋತರೆ ಏನೂ ನಷ್ಟವಿಲ್ಲ, ಗೊತ್ತಿರಲಿ ಅಂತ ಹೇಳಿದೆ.

ಇನ್ನೊಂದು ಮುಖ್ಯ ವಿಷಯ. ರೈಫಲ್ ತುದಿಯಲ್ಲಿ ಮಜಲ್ ಬ್ರೇಕ್ (ಒದೆತ ತಗ್ಗಿಸಲು ಹೊಗೆಯನ್ನು ಪಕ್ಕಕ್ಕೆ ಬಿಡುವ ತೂತಿನ ಕೊಳವೆ) ಇದ್ದರೆ ಬಿಚ್ಚಿಟ್ಟು ಬನ್ನಿ. ಎಫ್-ಕ್ಲಾಸ್‌ನಲ್ಲಿ ಅದು ನಿಷಿದ್ಧ. ಪಕ್ಕದಲ್ಲಿ ಮಲಗಿದವರ ಮುಖಕ್ಕೆ ಧೂಳು, ಸದ್ದು ಎಲ್ಲ ಹೊಡೆಯುತ್ತದೆ.

ಕೊಳ್ಳುವುದೇ ಆದರೆ ಸ್ಯಾವೇಜ್ ಮಾಡೆಲ್ 12ನಂಥ, ಈ ಆಟಕ್ಕೆಂದೇ ಕಾರ್ಖಾನೆಯಲ್ಲಿ ಮಾಡಿದ ರೈಫಲ್‌ಗಳಿವೆ. ಸೆಕೆಂಡ್ ಹ್ಯಾಂಡ್‌ನಲ್ಲೂ ಸಿಗುತ್ತವೆ. ನನ್ನ ಅಭಿಪ್ರಾಯ ಕೇಳಿದರೆ ರೈಫಲ್‌ಗಿಂತ ಸ್ಕೋಪ್‌ಗೆ ಹೆಚ್ಚು ದುಡ್ಡು ಹಾಕಿ. ತಿರುಪು ತಿರುಗಿಸಿದಷ್ಟೇ ಗೆರೆ ಸರಿದು, ವಾಪಸ್ ತಂದರೆ ಅದೇ ಜಾಗಕ್ಕೆ ಬಂದು ನಿಲ್ಲುವ ಸ್ಕೋಪ್ ಬೇಕು. ಹಿಗ್ಗಿಸುವ ಶಕ್ತಿ 20ರ ಮೇಲಿದ್ದರೆ ಸಾಕು.

ತೋಟಾ ವಿಷಯದಲ್ಲಿ ಮೊದಲ ವರ್ಷ ಮನೆಯಲ್ಲಿ ತುಂಬಿಕೊಳ್ಳುವ ಗೋಜಿಗೆ ಹೋಗಬೇಡಿ. .308ಗೆ 175 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಮ್ಯಾಚ್ ಗುಂಡಿರುವ ಅಂಗಡಿ ತೋಟಾ ಸಾಕು. 168 ಗ್ರೇನಿನ ಹಳೇ ಮ್ಯಾಚ್ ಗುಂಡು 600 ಗಜಕ್ಕೆ ಚೆನ್ನಾಗಿಯೇ ಹೋಗುತ್ತದೆ. 1000 ಗಜಕ್ಕೆ ಮಾತ್ರ ಅದನ್ನು ನಂಬಬೇಡಿ. ವೇಗ ಶಬ್ದದ ವೇಗದ ಹತ್ತಿರ ಇಳಿಯುವಾಗ ಅದು ಓಲಾಡುತ್ತದೆ. ಒಂದೇ ಪೆಟ್ಟಿಗೆಯದು, ಒಂದೇ ಲಾಟ್ ನಂಬರಿನದು ತೆಗೆದುಕೊಳ್ಳಿ. ಮೂರು ಸುತ್ತಿನ ಮ್ಯಾಚ್ ಆದರೆ ಸುತ್ತಿಗೆ 20 ಲೆಕ್ಕದ ಗುಂಡು, ಜೊತೆಗೆ ಶುರುವಿನಲ್ಲಿ ಅಂದಾಜು ನೋಡಲು ಹೊಡೆಯುವವು. 80 ತೋಟಾ ಇದ್ದರೆ ನೆಮ್ಮದಿ.

ಉಳಿದದ್ದು ಚಿಲ್ಲರೆ: ಕಿವಿಗೆ ಮಫ್, ಕಣ್ಣಿಗೆ ಕನ್ನಡಕ, ಮಲಗಲು ಚಾಪೆ, ಚೇಂಬರ್ (ರೈಫಲ್‌ನಲ್ಲಿ ತೋಟಾ ಕೂರುವ ಗೂಡು) ಖಾಲಿ ಇದೆ ಅಂತ ತೋರಿಸುವ ಬಣ್ಣದ ಪ್ಲಾಸ್ಟಿಕ್ ಫ್ಲ್ಯಾಗ್, ಪೆನ್ಸಿಲ್, ನೋಟ್‌ಬುಕ್, ಟೋಪಿ, ಧಾರಾಳ ನೀರು. ಬೆಳಿಗ್ಗೆ ಹೊರಟರೆ ಬರುವುದು ಸಂಜೆಯೇ, ಡಬ್ಬಿಯಲ್ಲಿ ಚಿತ್ರಾನ್ನ ಹಾಕಿಕೊಂಡು ಹೋಗಿ. ತಿನ್ನುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ತೋಟಾ ಮುಟ್ಟಿದ ಕೈಯಲ್ಲಿ ಸೀಸದ ಅಂಶ ಇರುತ್ತದೆ. ಸ್ಯಾನಿಟೈಜರ್‌ಗೆ ಅದು ಹೋಗುವುದಿಲ್ಲ. ನಾವು ಕೈಯಲ್ಲೇ ಕಲಸಿ ತಿನ್ನುವವರು, ಅಲ್ವಾ?

ಮನೆಪಾಠ: 100 ಗಜದಲ್ಲಿ ಜೀರೊ

ಮ್ಯಾಚ್‌ಗೆ ಮುಂಚೆ ಹತ್ತಿರದ ರೇಂಜ್‌ನಲ್ಲಿ 100 ಗಜಕ್ಕೆ ರೈಫಲ್ ಜೀರೊ ಮಾಡಿಕೊಳ್ಳಿ. ಅಂದರೆ ಸ್ಕೋಪಿನ ಗೆರೆ ಎಲ್ಲಿದೆಯೋ ಗುಂಡೂ ಅಲ್ಲೇ ಬೀಳಬೇಕು. ಇಲ್ಲಿನ ಅಳತೆ ಎಂಒಎ, ಅಂದರೆ ಮಿನಿಟ್ ಆಫ್ ಆ್ಯಂಗಲ್, ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 100 ಗಜದಲ್ಲಿ ಒಂದು ಎಂಒಎ ಅಂದರೆ ಸುಮಾರು ಒಂದಿಂಚು, 600 ಗಜದಲ್ಲಿ ಆರಿಂಚು ಚಿಲ್ಲರೆ. ಸ್ಕೋಪಿನ ಒಂದು ಕ್ಲಿಕ್ ಸಾಮಾನ್ಯವಾಗಿ ಕಾಲು ಎಂಒಎ, ಅಂದರೆ 600ರಲ್ಲಿ ಸುಮಾರು ಒಂದೂವರೆ ಇಂಚು. ಇಡೀ ದಿನದ ಲೆಕ್ಕಾಚಾರ ನಿಂತಿರುವುದು ಇದರ ಮೇಲೆ.

175 ಗ್ರೇನ್ .308 ಗುಂಡು 600 ಗಜ ಮುಟ್ಟುವಷ್ಟರಲ್ಲಿ ತುಂಬ ಕೆಳಗೆ ಇಳಿದಿರುತ್ತದೆ. 100 ಗಜದ ಜೀರೊದಿಂದ ಸುಮಾರು 15ರಿಂದ 17 ಎಂಒಎ ಮೇಲಕ್ಕೆ ಏರಿಸಬೇಕಾಗುತ್ತದೆ. 1000 ಗಜಕ್ಕಾದರೆ ಸುಮಾರು 37ರಿಂದ 40. ನಿಮ್ಮ ತೋಟಾದ ವೇಗ ಹಾಕಿದರೆ ಫೋನಿನ ಬ್ಯಾಲಿಸ್ಟಿಕ್ ಆ್ಯಪ್ ಒಂದು ಸಂಖ್ಯೆ ಕೊಡುತ್ತದೆ. ಅದನ್ನು ದೊಡ್ಡದಾಗಿ ಬರೆದು ರೈಫಲ್‌ಗೆ ಅಂಟಿಸಿ. ಟಾರ್ಗೆಟ್ ಚೌಕಟ್ಟು ಸುಮಾರು ಆರಡಿ ಅಗಲ, ಆರಡಿ ಎತ್ತರ. ಒಂದೆರಡು ಎಂಒಎ ಆಚೀಚೆ ಆದರೂ ಮೊದಲ ಗುಂಡು ಕಾಗದದ ಮೇಲೆ ಬೀಳುತ್ತದೆ. ಬಿದ್ದರೆ ಆಯಿತು, ಮಿಕ್ಕಿದ್ದನ್ನು ಅಲ್ಲೇ ತಿದ್ದಬಹುದು.

ಮ್ಯಾಚ್ ದಿನದ ಬೆಳಿಗ್ಗೆ

ಹೇಳಿದ ಸಮಯಕ್ಕಿಂತ ಒಂದು ಗಂಟೆ ಮುಂಚೆ ಹೋಗಿ. ಹೆಸರು ಬರೆಸಿ, ಶುಲ್ಕ ಕಟ್ಟಿದರೆ ನಿಮ್ಮ ಟಾರ್ಗೆಟ್ ನಂಬರ್ ಮತ್ತು ರಿಲೇ ಹೇಳುತ್ತಾರೆ. ರಿಲೇ ಅಂದರೆ ಗುಂಪು, ಎಲ್ಲರನ್ನೂ ಎರಡು ಮೂರು ಗುಂಪು ಮಾಡಿರುತ್ತಾರೆ. ಒಂದು ಗುಂಪು ಹೊಡೆಯುವಾಗ ಇನ್ನೊಂದು ಅಂಕ ಬರೆಯುತ್ತದೆ, ಮತ್ತೊಂದು ಪಿಟ್‌ನಲ್ಲಿರುತ್ತದೆ. ಹೊಡೆದು ಎದ್ದು ಹೋಗುವ ಹಾಗಿಲ್ಲ, ಮೂರು ಕೆಲಸವೂ ನಿಮ್ಮದೇ.

ರೈಫಲ್ ಚೀಲದಲ್ಲೇ ಇರಲಿ. ಯಾವಾಗ ತೆಗೆಯಬೇಕು ಅಂತ ಹೇಳುತ್ತಾರೆ. ತೆಗೆದ ಮೇಲೆ ಬೋಲ್ಟ್ (ಚೇಂಬರ್ ಮುಚ್ಚುವ ಅಗುಳಿ) ಹಿಂದಕ್ಕೆ, ಚೇಂಬರ್‌ನಲ್ಲಿ ಫ್ಲ್ಯಾಗ್, ತುದಿ ಟಾರ್ಗೆಟ್ ಕಡೆಗೆ. ಶೂಟರ್‌ಗಳು ಮಲಗುವ ಲೈನಿನ ಮುಂದೆ ಒಬ್ಬರೇ ಒಬ್ಬರು ಇದ್ದರೂ ರೈಫಲ್ ಮುಟ್ಟಬಾರದು, ಸ್ಕೋಪ್‌ನಲ್ಲಿ ಇಣುಕಲೂ ಬಾರದು. ಹೊಸಬರು ಬೈಸಿಕೊಳ್ಳುವುದು ಹೆಚ್ಚಾಗಿ ಇದಕ್ಕೇ. "ಸೀಸ್ ಫೈರ್" ಅಂತ ಯಾರು ಕೂಗಿದರೂ ಬೆರಳು ಟ್ರಿಗರ್‌ನಿಂದ ಆಚೆ, ಬೋಲ್ಟ್ ಹಿಂದಕ್ಕೆ. ಅಪಾಯ ಕಂಡರೆ ನೀವೂ ಕೂಗಬಹುದು. ಹೊಸಬ ಅಂತ ಹಿಂಜರಿಯಬೇಡಿ.

ಪಿಟ್‌ನಲ್ಲಿ

ಪಿಟ್ ಅಂದರೆ ಟಾರ್ಗೆಟ್‌ಗಳ ಬುಡದಲ್ಲಿ, ಮಣ್ಣಿನ ದಿಬ್ಬದ ಹಿಂದೆ ಇರುವ ಕಾಂಕ್ರೀಟ್ ಕಾಲುವೆ. ನೀವು ಅದರೊಳಗೆ ಇರುತ್ತೀರಿ, ಟಾರ್ಗೆಟ್ ತಲೆಯ ಮೇಲೆ ಇರುತ್ತದೆ. ಗುಂಡು ಬಂದಾಗ ಚಟ್ ಅಂತ ಚಾಟಿ ಬೀಸಿದ ಸದ್ದು ಕೇಳುತ್ತದೆ. ರೈಫಲ್ಲಿನ ಢಂ ಬರುವುದು ಅದಾದ ಮೇಲೆ, ಏಕೆಂದರೆ ಗುಂಡು ಶಬ್ದಕ್ಕಿಂತ ಬೇಗ ಬಂದಿರುತ್ತದೆ. ಮೊದಲ ಸಲ ಎಲ್ಲರೂ ಬೆಚ್ಚುತ್ತಾರೆ. ಇಲ್ಲೂ ಕಿವಿ ಮುಚ್ಚಿರಬೇಕು.

ಕೆಲಸ ಹೀಗೆ. ಕಣ್ಣು ಟಾರ್ಗೆಟ್ ಹಿಂದಿನ ದಿಬ್ಬದ ಮೇಲಿರಲಿ. ಚಟ್ ಅನ್ನುವುದೂ ಮಣ್ಣು ಹಾರುವುದೂ ಒಟ್ಟಿಗೇ ಆಗುತ್ತದೆ. ತಕ್ಷಣ ಚೌಕಟ್ಟನ್ನು ಕೆಳಗೆ ಎಳೆಯಿರಿ. ಹೊಸ ತೂತು ಹುಡುಕಿ ಅದಕ್ಕೆ ಕಡ್ಡಿ ಇರುವ ಬಣ್ಣದ ಬಿಲ್ಲೆ ಸಿಗಿಸಿ. ಹಿಂದಿನ ತೂತಿಗೆ ಸ್ಟಿಕರ್ ಅಂಟಿಸಿ. ಅಂಚಿನಲ್ಲಿರುವ ಅಂಕದ ಬಿಲ್ಲೆಯನ್ನು ಸರಿಯಾದ ಜಾಗಕ್ಕೆ ಸರಿಸಿ, ಚೌಕಟ್ಟನ್ನು ಮೇಲಕ್ಕೆ ತಳ್ಳಿ. ಕೈ ಪಳಗಿದವರು ಹತ್ತು ಸೆಕೆಂಡಿನಲ್ಲಿ ಮುಗಿಸುತ್ತಾರೆ. ನೀವು ತಡ ಮಾಡಿದಷ್ಟೂ ಅಲ್ಲಿ ಮಲಗಿರುವವರ ಗಾಳಿ ಬದಲಾಗುತ್ತದೆ. ಫೋನ್ ಜೇಬಿನಲ್ಲೇ ಇರಲಿ.

ಈಗ ಎಷ್ಟೋ ಕ್ಲಬ್‌ಗಳಲ್ಲಿ ಎಲೆಕ್ಟ್ರಾನಿಕ್ ಟಾರ್ಗೆಟ್ ಬಂದಿದೆ. ಮೂಲೆಯ ಸೆನ್ಸರ್‌ಗಳು ಗುಂಡಿನ ಸದ್ದು ಹಿಡಿದು, ಎಲ್ಲಿ ಬಿತ್ತು ಅಂತ ಟ್ಯಾಬ್ಲೆಟ್‌ನಲ್ಲಿ ತೋರಿಸುತ್ತವೆ. ಅನುಕೂಲ ಹೌದು. ಆದರೆ ಅವರಿವರ ಗುಂಡುಗಳು ಗಾಳಿಗೆ ಹೇಗೆ ಜರುಗುತ್ತವೆ ಅಂತ ಪಿಟ್‌ನಲ್ಲಿ ನಿಂತು ಕಲಿಯುವ ಪಾಠ ಅದರಲ್ಲಿ ಸಿಗುವುದಿಲ್ಲ.

ಅಂಕ ಬರೆಯುವುದು

ಶೂಟರ್ ಹಿಂದೆ ಕುರ್ಚಿ ಹಾಕಿ ಕೂತು, ಸ್ಪಾಟಿಂಗ್ ಸ್ಕೋಪ್ ಅನ್ನುವ ಬಿಡಿ ದುರ್ಬೀನಿನಲ್ಲಿ ನೋಡಿ, ಪ್ರತಿ ಅಂಕವನ್ನೂ ಅವರಿಗೆ ಕೇಳುವಂತೆ ಹೇಳಿ ಬರೆಯಬೇಕು. ಎಕ್ಸ್ ಅಂದರೆ ನಟ್ಟನಡುವಿನ ವೃತ್ತ, ಅದಕ್ಕೂ 10 ಅಂಕವೇ. ಇಬ್ಬರ ಒಟ್ಟು ಸಮ ಆದಾಗ ಎಕ್ಸ್ ಯಾರದು ಜಾಸ್ತಿ ಅಂತ ನೋಡುತ್ತಾರೆ. ಗಾಳಿ ಬಗ್ಗೆ ಶೂಟರ್‌ಗೆ ಸಲಹೆ ಕೊಡಬೇಡಿ, ಅದು ಅವರ ಆಟ. ಪಕ್ಕದವರ ಜೊತೆ ಹರಟೆಯೂ ಬೇಡ.

ನಿಮ್ಮ ಸರದಿ

ಮಲಗಿ. ತಯಾರಿಗೆ ಕೆಲವು ನಿಮಿಷ ಕೊಡುತ್ತಾರೆ. ರೈಫಲ್ ಆಸರೆಯ ಮೇಲೆ ತಾನಾಗಿ ಟಾರ್ಗೆಟ್ ನೋಡುತ್ತಿರಬೇಕು. ಕೈಯಿಂದ ಒತ್ತಿ ತಿರುಗಿಸಿ ಹಿಡಿದರೆ ಗುಂಡು ಹೊರಟಾಗ ಅದು ತನ್ನ ಜಾಗಕ್ಕೆ ಹೋಗಿಬಿಡುತ್ತದೆ. ಬೇಕಿದ್ದರೆ ಬೈಪಾಡ್ ಸರಿಸಿ, ನೀವು ಸರಿಯಿರಿ. ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟು ತೆರೆದು ನೋಡಿ. ಗೆರೆ ಅಲ್ಲೇ ಇದ್ದರೆ ಸರಿ ಇದೆ.

ಆಮೇಲೆ ನಂಬರ್ ನೋಡಿ. ಮತ್ತೆ ನೋಡಿ. ಸಾಲಾಗಿ ಒಂದೇ ಥರದ ಟಾರ್ಗೆಟ್‌ಗಳು ನಿಂತಿರುತ್ತವೆ. ದೊಡ್ಡದು ಮಾಡಿದ ಸ್ಕೋಪಿನಲ್ಲಿ ಒಂದೇ ಕಾಣುತ್ತದೆ. ಪಕ್ಕದವರ ಟಾರ್ಗೆಟ್‌ಗೆ ಹೊಡೆದರೆ ನಿಮಗೆ ಸೊನ್ನೆ. ಇದಕ್ಕೆ ಕ್ರಾಸ್ ಫೈರ್ ಅನ್ನುತ್ತಾರೆ. ನಾಚಿಕೆ ಪಡಬೇಕಾಗಿಲ್ಲ, ಘಟಾನುಘಟಿಗಳೂ ಮಾಡಿದ್ದಾರೆ. 1874ರಲ್ಲಿ ನ್ಯೂಯಾರ್ಕ್ ಹತ್ತಿರದ ಕ್ರೀಡ್‌ಮೂರ್‌ನಲ್ಲಿ ಐರ್ಲೆಂಡ್ ಮತ್ತು ಅಮೆರಿಕ ತಂಡಗಳ ನಡುವೆ 800, 900, 1000 ಗಜದ ದೊಡ್ಡ ಪಂದ್ಯ ನಡೆಯಿತು. ಐರ್ಲೆಂಡಿನ ಮಿಲ್ನರ್ ಬುಲ್ಸ್ ಐ, ಅಂದರೆ ನಟ್ಟನಡುವಿಗೇ ಹೊಡೆದರು, ಆದರೆ ಬೇರೆ ಟಾರ್ಗೆಟ್ ಮೇಲೆ. ಆ ಕಾಲಕ್ಕೆ ಬುಲ್ಸ್ ಐಗೆ 4 ಅಂಕ. ಕೊನೆಗೆ ಅಮೆರಿಕ 934, ಐರ್ಲೆಂಡ್ 931. ಆ ಒಂದು ಗುಂಡು ಸರಿಯಾದ ಟಾರ್ಗೆಟ್‌ಗೆ ಬಿದ್ದಿದ್ದರೆ ಗೆದ್ದವರೇ ಬೇರೆ. ಅದೇ ಊರಿನ ಹೆಸರು ಇವತ್ತು 6.5 ಕ್ರೀಡ್‌ಮೂರ್ ತೋಟಾದಲ್ಲಿ ಉಳಿದಿದೆ.

"ಕಮೆನ್ಸ್ ಫೈರ್" ಅಂದ ಮೇಲೆ ಒಂದು ತೋಟಾ ಮಾತ್ರ ಹಾಕಿ. ಮೊದಲ ಎರಡು ಗುಂಡು ಸಾಮಾನ್ಯವಾಗಿ ಸೈಟರ್, ಅಂಕಕ್ಕೆ ಸೇರುವುದಿಲ್ಲ. ಆಮೇಲೆ 20 ಲೆಕ್ಕದ ಗುಂಡು, ಗರಿಷ್ಠ 200 ಅಂಕ. ಗುಂಡಿಗೆ ಒಂದು ನಿಮಿಷದ ಲೆಕ್ಕದಲ್ಲಿ ಸಮಯ ಇರುತ್ತದೆ, ಆತುರ ಬೇಡ. ಟ್ರಿಗರ್ ಎಳೆದೂ ಗುಂಡು ಹಾರದಿದ್ದರೆ ತುದಿ ಟಾರ್ಗೆಟ್ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಕೈ ಎತ್ತಿ.

ಗಾಳಿ

ಎಫ್-ಕ್ಲಾಸ್ ಟಾರ್ಗೆಟ್‌ನಲ್ಲಿ 600 ಗಜಕ್ಕೆ ಎಕ್ಸ್ ವೃತ್ತದ ಅಗಲ 3 ಇಂಚು, 10ರದ್ದು 6 ಇಂಚು, 9ರದ್ದು 12 ಇಂಚು. ಈಗ ಇದನ್ನು ನೋಡಿ: 175 ಗ್ರೇನ್ .308 ಗುಂಡನ್ನು, ಅಡ್ಡಕ್ಕೆ ಬೀಸುವ ಗಂಟೆಗೆ ಒಂದೇ ಮೈಲಿ ವೇಗದ ಗಾಳಿ 600 ಗಜದಲ್ಲಿ ಸುಮಾರು 3 ಇಂಚು ತಳ್ಳುತ್ತದೆ. ಅಂದರೆ ಒಂದು ಮೈಲಿ ಅಂದಾಜು ತಪ್ಪಿದರೆ ನಡುವಿನಿಂದ ನೇರ 10ರ ಅಂಚಿಗೆ. ಒಂದು ಮೈಲಿ ವೇಗದ ಗಾಳಿ ಮುಖಕ್ಕೆ ಬಡಿದರೆ ಗೊತ್ತೂ ಆಗುವುದಿಲ್ಲ! 1000 ಗಜದಲ್ಲಿ ಅದೇ ಗಾಳಿ ಸುಮಾರು 10 ಇಂಚು ತಳ್ಳುತ್ತದೆ.

ಇದನ್ನು ಓದಲು ಬಾವುಟಗಳಿವೆ. ಬಾವುಟಕ್ಕೂ ಕಂಬಕ್ಕೂ ನಡುವೆ ಎಷ್ಟು ಡಿಗ್ರಿ ಕೋನ ಇದೆಯೋ ಅದನ್ನು 4ರಿಂದ ಭಾಗಿಸಿದರೆ ಗಾಳಿಯ ವೇಗ ಸುಮಾರಾಗಿ ಸಿಗುತ್ತದೆ, ಗಂಟೆಗೆ ಮೈಲಿಗಳಲ್ಲಿ. ಎಡದಿಂದ ನೇರ ಅಡ್ಡಕ್ಕೆ ಬೀಸುತ್ತಿದೆ, ಕೋನ 20 ಡಿಗ್ರಿ ಅಂದುಕೊಳ್ಳಿ. ವೇಗ 5 ಮೈಲಿ. ಗುಂಡು 15 ಇಂಚು ಬಲಕ್ಕೆ ಹೋಗುತ್ತದೆ. ಅದು ಸುಮಾರು ಎರಡೂವರೆ ಎಂಒಎ, ಅಂದರೆ ಎಡಕ್ಕೆ 10 ಕ್ಲಿಕ್. ಸೈಟರ್ ಹೊಡೆದಿರಿ, 3 ಇಂಚು ಬಲಕ್ಕೆ ಬಿತ್ತು. ಇನ್ನೆರಡು ಕ್ಲಿಕ್ ಎಡಕ್ಕೆ. ಎರಡನೇ ಸೈಟರ್ ನಡುವೆ ಬಿತ್ತು. ಈಗ ಅಂಕಕ್ಕೆ ಶುರು. ನಾಲ್ಕನೇ ಗುಂಡಿನ ಹೊತ್ತಿಗೆ ಬಾವುಟ 30 ಡಿಗ್ರಿಗೆ ಎದ್ದಿದೆ, ನೀವು ಸ್ಕೋಪ್ ಒಳಗೇ ಮುಳುಗಿದ್ದೀರಿ, ನೋಡಲಿಲ್ಲ. ಎರಡೂವರೆ ಮೈಲಿ ಜಾಸ್ತಿ, ಏಳೂವರೆ ಇಂಚು ಬಲಕ್ಕೆ. 9ರ ವೃತ್ತವನ್ನೂ ದಾಟಿ 8. ರೈಫಲ್ ಚೆನ್ನಾಗಿತ್ತು, ಟ್ರಿಗರ್ ಚೆನ್ನಾಗಿ ಎಳೆದಿರಿ, ಎರಡು ಅಂಕ ಹೋಯಿತು.

ಓರೆಯಾಗಿ ಬೀಸಿದರೆ ಪರಿಣಾಮ ಕಡಿಮೆ. ಎದುರಿನಿಂದಲೋ ಬೆನ್ನಿನಿಂದಲೋ ನೇರ ಬಂದರೆ ಪಕ್ಕಕ್ಕೆ ತಳ್ಳುವುದು ಹೆಚ್ಚುಕಡಿಮೆ ಇಲ್ಲ. ಆದರೆ ಅಂಥ ಗಾಳಿಯೇ ಮೋಸದ್ದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುತ್ತಿರುತ್ತದೆ.

ಬಿಸಿಲಿದ್ದರೆ ಮಿರಾಜ್ ಕೂಡ ನೋಡಿ. ಟಾರ್ ರಸ್ತೆಯ ಮೇಲೆ ಮಧ್ಯಾಹ್ನ ಬಿಸಿಗಾಳಿ ಅಲೆ ಅಲೆಯಾಗಿ ಕಾಣುತ್ತದಲ್ಲ, ಅದೇ. ಸ್ಪಾಟಿಂಗ್ ಸ್ಕೋಪ್ ಫೋಕಸ್ ಅನ್ನು ಟಾರ್ಗೆಟ್‌ಗಿಂತ ಸ್ವಲ್ಪ ಈಚೆಗೆ ತಂದರೆ ಅಲೆಗಳು ಯಾವ ಕಡೆ ಓಡುತ್ತಿವೆ ಅಂತ ಕಾಣುತ್ತದೆ. ಸಣ್ಣ ಗಾಳಿಗೆ ಬಾವುಟ ಅಲುಗದಿದ್ದಾಗಲೂ ಮಿರಾಜ್ ಓಡುತ್ತದೆ. ಅಲೆಗಳು ಪಕ್ಕಕ್ಕೆ ಓಡುವುದು ನಿಂತು ನೇರ ಮೇಲಕ್ಕೆ ಏಳತೊಡಗಿದರೆ ಗಾಳಿ ದಿಕ್ಕು ಬದಲಿಸುವ ಹೊತ್ತು ಅದು. ಆಗ ಹೊಡೆಯಬೇಡಿ.

ಹೊಸಬರಿಗೆ ಒಂದೇ ತಂತ್ರ ಸಾಕು. ತಯಾರಿಯ ಹೊತ್ತಿನಲ್ಲಿ ಯಾವ ಗಾಳಿ ಹೆಚ್ಚು ಹೊತ್ತು ಇರುತ್ತದೆ ಅಂತ ಗಮನಿಸಿ. ಸ್ಕೋಪನ್ನು ಅದಕ್ಕೆ ಹೊಂದಿಸಿ. ಅದೇ ಗಾಳಿ ಇದ್ದಾಗ ಮಾತ್ರ ಹೊಡೆಯಿರಿ. ಬದಲಾದರೆ ಬೆರಳು ತೆಗೆದು ಕಾಯಿರಿ, ಗಡಿಯಾರ ನೋಡುತ್ತಿರಿ. ಪ್ರತಿ ಗುಂಡಿಗೂ ಕ್ಲಿಕ್ ತಿರುಗಿಸುತ್ತ ಹೋದರೆ ಹತ್ತನೇ ಗುಂಡಿಗೆ ಎಲ್ಲಿದ್ದೇವೆ ಅಂತ ಲೆಕ್ಕವೇ ತಪ್ಪುತ್ತದೆ.

ಮುಗಿದ ಮೇಲೆ

ಬೋಲ್ಟ್ ಹಿಂದಕ್ಕೆ, ಫ್ಲ್ಯಾಗ್ ಒಳಗೆ. ಲೈನ್ ಸುರಕ್ಷಿತ ಅಂತ ಕೂಗಿದ ಮೇಲೆ ಏಳಿ. ಕಾರ್ಡಿನ ಒಟ್ಟು ನೀವೇ ಕೂಡಿ ನೋಡಿ ಸಹಿ ಹಾಕಿ. ಸಹಿ ಆದ ಮೇಲೆ ತಕರಾರು ನಡೆಯುವುದಿಲ್ಲ. ಮೊದಲ ಸಲ 200ಕ್ಕೆ 170 ಬಂದರೂ ಬೇಸರ ಬೇಡ. ಇಲ್ಲಿ ಮಾರ್ಕ್ಸ್‌ಮನ್‌ನಿಂದ ಹೈ ಮಾಸ್ಟರ್‌ವರೆಗೆ ಐದು ದರ್ಜೆಗಳಿವೆ, ಬಹುಮಾನ ಸಾಮಾನ್ಯವಾಗಿ ದರ್ಜೆಯೊಳಗೇ ಹಂಚುತ್ತಾರೆ. ಅಂಕಕ್ಕಿಂತ ನೋಟ್‌ಬುಕ್ ಮುಖ್ಯ. ಎತ್ತರಕ್ಕೆ ಎಷ್ಟು ಎಂಒಎ, ಬಿಸಿಲೆಷ್ಟು, ಗಾಳಿ ಎಷ್ಟು ಅಂದುಕೊಂಡಿರಿ, ಗುಂಡು ಎಲ್ಲಿ ಬಿತ್ತು, ಇಷ್ಟನ್ನು ಅಲ್ಲೇ ಕೂತು ಬರೆಯಿರಿ. ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ಮರೆತುಹೋಗುತ್ತದೆ. ಆಮೇಲೆ ಟಾರ್ಗೆಟ್ ಚೌಕಟ್ಟು ಎತ್ತಿಡಲು, ಬಾವುಟ ಇಳಿಸಲು ಕೈ ಹಾಕಿ.

ಕೊನೆಯದು ನಮ್ಮವರಿಗೆಂದೇ ಹೇಳುವ ಮಾತು. ರೇಂಜ್‌ಗೆ ಒಂದು ಚೀಲ ಬೇರೆಯೇ ಇಡಿ. ಅದನ್ನು ಯಾವತ್ತೂ ಊರಿಗೆ ಹೋಗುವ ಲಗೇಜ್ ಮಾಡಬೇಡಿ. ಚೀಲದ ಹೊಲಿಗೆಯ ಸಂದಿಯಲ್ಲಿ, ಜಾಕೆಟ್ಟಿನ ಒಳಜೇಬಿನಲ್ಲಿ ಒಂದು ತೋಟಾ ಉಳಿದು, ಅದು ಭಾರತದ ವಿಮಾನ ನಿಲ್ದಾಣದ ಎಕ್ಸ್-ರೇನಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಪೊಲೀಸ್ ಕೇಸು. ಮರೆತು ಬಂತು ಅಂತ ಸಾಬೀತು ಮಾಡಲು ಕೋರ್ಟಿಗೆ ಅಲೆಯಬೇಕು, ರಜೆಯೆಲ್ಲ ಅದಕ್ಕೇ ಹೋಗುತ್ತದೆ. ಹೊಡೆದ ತೋಟಾದ ಖಾಲಿ ಕವಚಗಳನ್ನೂ ನೆನಪಿಗೆ ಅಂತ ಒಯ್ಯಬೇಡಿ. ಬೆಂಗಳೂರಿಗೆ ಹೊರಡುವ ವಾರ ಮಕ್ಕಳ ಬ್ಯಾಗೂ ಸೇರಿದಂತೆ, ರೇಂಜ್‌ಗೆ ಬಂದ ಕಾರಿನಲ್ಲಿದ್ದ ಎಲ್ಲ ಚೀಲಗಳನ್ನೂ ತಲೆಕೆಳಗು ಮಾಡಿ ಕೊಡವಿ ನೋಡಿ.